ಹಲಸಿನಜ್ಜಿಯ ಹೆಸರು ಹುಡುಕಿಕೊಂಡು

ಮೊದಲ ದಿನ, ನವೆಂಬರ್ 2: ಊರ ಮನೆ

ಸತ್ತವರ ದಿನಕ್ಕೆ, ಅಂದರೆ ನಾವು ಕ್ಯಾಥೊಲಿಕರು ತೀರಿಕೊಂಡವರನ್ನು ನೆನೆಯುವ ದಿನಕ್ಕೆ, ಊರಿಗೆ ಹೋಗುವುದನ್ನು ನಾನು ತಪ್ಪಿಸುವುದಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸು. ಬೆಳಗ್ಗೆ ಬಿ.ಸಿ.ರೋಡಿನಲ್ಲಿ ಇಳಿದು ರಿಕ್ಷಾ ಹಿಡಿದರೆ ನೇತ್ರಾವತಿಯ ದಂಡೆಯ ಹತ್ತಿರ ನಮ್ಮ ಮನೆ. ಮನೆಯಲ್ಲಿ ಈಗ ಇರುವುದು ಬಾಪ್ಪು ಒಬ್ಬರೇ. ಬಾಪ್ಪು ಅಂದರೆ ನನ್ನ ಅಪ್ಪನ ತಮ್ಮ. ವಯಸ್ಸು 74. ನಮ್ಮ ವಾಡೆಯ ಗುರ್ಕಾರ್, ಅಂದರೆ ಇಗರ್ಜಿಗೆ ಸೇರಿದ ನಮ್ಮ ಕೇರಿಯ ಮುಖಂಡ, ಆಗಿದ್ದವರು, ಆದ್ದರಿಂದ ಇಗರ್ಜಿಯಲ್ಲಿ ಅವರನ್ನು ಗೊತ್ತಿಲ್ಲದವರಿಲ್ಲ.

ಸಂಜೆ ಸಿಮಿಸ್ತ್ರಿಯಲ್ಲಿ ಪೂಜೆ. ಎಲ್ಲರೂ ತಮ್ಮ ಮನೆಯ ಗೋರಿ ಗುಡಿಸಿ, ಹೂವಿಟ್ಟು, ಮೊಂಬತ್ತಿ ಹಚ್ಚುತ್ತಾರೆ. ತೀರಿಕೊಂಡವರ ಹೆಸರು ಬರೆದ ಚೀಟಿಯನ್ನು ಮೊದಲೇ ಕೊಟ್ಟಿರಬೇಕು. ಮಧ್ಯಾಹ್ನ ಊಟ ಆದ ಮೇಲೆ ಬಾಪ್ಪು ಜಗಲಿಯಲ್ಲಿ ಕೂತು ಆ ಚೀಟಿ ಬರೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ.

ಗಂಡಸರ ಹೆಸರು ಅವರಿಗೆ ಬಾಯಿಪಾಠ. ಅಪ್ಪ, ಅಜ್ಜ, ಅಜ್ಜನ ಅಪ್ಪ, ಅವರ ಅಪ್ಪ, ಹೀಗೆ ಏಳು ತಲೆಮಾರು ಒಂದೇ ಉಸಿರಿಗೆ ಹೇಳುತ್ತಾರೆ. ಹೆಂಗಸರ ಕಡೆ ಬಂದಾಗ ಎರಡನೆಯ ತಲೆಮಾರು ದಾಟುವಷ್ಟರಲ್ಲಿ ಪೆನ್ನು ನಿಂತಿತು. ಅಜ್ಜನ ಅಜ್ಜಿಯ ಹತ್ತಿರ ಬಂದಾಗ ಅವರು ಬರೆದದ್ದು ‘ಪಣ್ಸಾಮಾಯ್’ ಅಂತ. ಹಲಸಿನಜ್ಜಿ. ಅಂಗಳದ ಆಚೆ ಇರುವ ದೊಡ್ಡ ಹಲಸಿನ ಮರ ನೆಟ್ಟವಳು ಅವಳೇ ಎಂದು ಮನೆಯಲ್ಲಿ ಮಾತಿದೆ. ನಾನು ಚಿಕ್ಕವಳಿದ್ದಾಗಿಂದ ಆ ಮರದ ಹಣ್ಣು ತಿಂದಿದ್ದೇನೆ, ಬೀಜ ಸುಟ್ಟು ತಿಂದಿದ್ದೇನೆ, ಎಲೆ ಸುತ್ತಿ ಬೇಯಿಸಿದ ಕಡುಬು ತಿಂದಿದ್ದೇನೆ.

‘ಅವಳ ಹೆಸರೇನು ಬಾಪ್ಪು?’

‘ಗೊತ್ತಿಲ್ಲ ಬಾಯೆ. ನನ್ನ ಅಪ್ಪನಿಗೂ ಗೊತ್ತಿರಲಿಲ್ಲ.’

‘ಕುಳಾರ್ ಎಲ್ಲಿಯದು?’

ಕುಳಾರ್ ಅಂದರೆ ಕೊಂಕಣಿಯಲ್ಲಿ ಹೆಣ್ಣಿನ ತವರು. ಬಾಪ್ಪು ಅದಕ್ಕೂ ಗೊತ್ತಿಲ್ಲವೆಂದು ತಲೆಯಾಡಿಸಿದರು. ಪೂಜೆಯಲ್ಲಿ ಪಾದ್ರಿ ನಮ್ಮ ಚೀಟಿ ಓದುವಾಗ ಏಳು ಗಂಡಸರ ಹೆಸರು ಬಂತು, ಮಧ್ಯದಲ್ಲಿ ‘ಪಣ್ಸಾಮಾಯ್’ ಎಂದೂ ಬಂತು. ದೇವರ ಮುಂದೆ ಒಂದು ಮರದ ಹೆಸರಿನಲ್ಲಿ ಅವಳನ್ನು ಕರೆದ ಹಾಗಾಯಿತು. ನನಗೆ ಅದು ಸಹಿಸಲಾಗಲಿಲ್ಲ. ವಾಪಸ್ ಬರುವಾಗ ಹೇಳಿದೆ, ರಜೆ ಒಂದು ವಾರ ಇದೆ, ಹುಡುಕೋಣ. ಬಾಪ್ಪು ಒಂದು ಮಾತೂ ಎದುರು ಹೇಳಲಿಲ್ಲ. ರಾತ್ರಿಯೇ ವಿಗಾರರಿಗೆ, ಅಂದರೆ ಇಗರ್ಜಿಯ ಮುಖ್ಯ ಪಾದ್ರಿಗೆ, ಫೋನ್ ಮಾಡಿದರು.

ಎರಡನೆಯ ದಿನ, ನವೆಂಬರ್ 3: ನಮ್ಮ ಇಗರ್ಜಿಯ ಪುಸ್ತಕಗಳು

ಇಗರ್ಜಿಯ ಆಫೀಸಿನಲ್ಲಿ ಒಂದು ಗೋಡ್ರೆಜ್ ಕಪಾಟು. ಅದರ ಕೆಳಗಿನ ಎರಡು ಅರೆಗಳಲ್ಲಿ ಹಳೆಯ ಪುಸ್ತಕಗಳು. ಜ್ಞಾನಸ್ನಾನದ್ದು ಬೇರೆ, ಮದುವೆಯದ್ದು ಬೇರೆ, ಮರಣದ್ದು ಬೇರೆ. ವಿಗಾರರು ಮೇಜು ಖಾಲಿ ಮಾಡಿಸಿ, ಮೇಲೆ ಬಿಳಿ ಬಟ್ಟೆ ಹಾಸಿ, ಒಂದೊಂದೇ ಪುಸ್ತಕ ತಂದಿಟ್ಟರು. ಇತ್ತೀಚಿನ ನೂರು ವರ್ಷದ್ದನ್ನು ಸುಮ್ನೆ ತಿರುವಿ ಹಾಕಬಾರದು, ಬದುಕಿರುವವರ ವಿಷಯ ಇರುತ್ತದೆ, ಬೇಕಾದ ಪುಟ ಮಾತ್ರ ನೋಡಿ ಎಂದರು. ನ್ಯಾಯವಾದ ಮಾತು.

ಕ್ಯಾಥೊಲಿಕ್ ಇಗರ್ಜಿಗಳು ಈ ಪುಸ್ತಕಗಳನ್ನು ಇಟ್ಟುಕೊಂಡು ಬಂದದ್ದರ ಹಿಂದೆ ಒಂದು ಕಾರಣ ಇದೆ. ಈಗ ಇಟಲಿಯಲ್ಲಿರುವ ತ್ರೆಂತ್ ಎಂಬ ಊರಿನಲ್ಲಿ ನಡೆದ ಧರ್ಮಸಭೆ 1563ರಲ್ಲಿ ಒಂದು ಕಟ್ಟಳೆ ಮಾಡಿತು. ಪ್ರತಿ ಪಾದ್ರಿಯೂ ಮದುವೆಯ ಪುಸ್ತಕ ಇಡಬೇಕು, ಜ್ಞಾನಸ್ನಾನದ್ದನ್ನೂ ಬರೆದಿಡಬೇಕು ಎಂದು. ಗುಟ್ಟಾಗಿ ಮದುವೆಯಾಗಿ ಆಮೇಲೆ ಇಲ್ಲವೆನ್ನುವವರನ್ನು ತಡೆಯಲು, ಹತ್ತಿರದ ಸಂಬಂಧದಲ್ಲಿ ಮದುವೆಯಾಗದಂತೆ ನೋಡಲು. 1614ರಲ್ಲಿ ಮರಣದ ಪುಸ್ತಕವೂ ಸೇರಿತು. ಅಂದರೆ ಯಾರ ವಂಶವೃಕ್ಷಕ್ಕಾಗಿಯೂ ಇದನ್ನು ಬರೆದದ್ದಲ್ಲ. ಆದರೂ ರಾಜರಲ್ಲದ, ಜಮೀನ್ದಾರರಲ್ಲದ, ಓದು ಬರಹ ಬಾರದ ಜನರ ಹೆಸರು ತಾರೀಕಿನ ಸಮೇತ ಉಳಿದದ್ದು ಇದರಿಂದಲೇ. ಒಕ್ಕಲಿನವನ ಮಗಳಿಗೂ ಒಂದು ಪ್ಯಾರಾ, ಧಣಿಯ ಮಗಳಿಗೂ ಒಂದು ಪ್ಯಾರಾ.

ಗೊತ್ತಿರುವಲ್ಲಿಂದ ಹಿಂದಕ್ಕೆ ಹೋಗಬೇಕು. ಅಜ್ಜನ ಜ್ಞಾನಸ್ನಾನ 1915. ಅದು ಹತ್ತು ನಿಮಿಷದಲ್ಲಿ ಸಿಕ್ಕಿತು. ಅದರ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅಜ್ಜನ ಮದುವೆಯ ತಾರೀಕು, ಅಜ್ಜಿಯ ಹೆಸರು, ಮದುವೆಯಾದ ಇಗರ್ಜಿ. ಹೀಗೆ ಅಂಚಿನಲ್ಲಿ ಮದುವೆ ಬರೆಯುವ ನಿಯಮ ಬಂದದ್ದು 1908ರಿಂದ. ಅದರ ಆಚೆಗಿನ ಪುಟಗಳ ಅಂಚು ಖಾಲಿ. ಅಲ್ಲಿಂದ ಹಿಂದಕ್ಕೆ ಮದುವೆಯನ್ನು ಬೇರೆ ಪುಸ್ತಕದಲ್ಲೇ ಹುಡುಕಬೇಕು.

ಭಾಷೆ ಲ್ಯಾಟಿನ್. ನಾನು ಹೆದರಿದ್ದೆ. ಆದರೆ ಬಾಪ್ಪು ಹುಡುಗನಾಗಿದ್ದಾಗ ಪೂಜೆ ನಡೆಯುತ್ತಿದ್ದದ್ದೇ ಲ್ಯಾಟಿನಿನಲ್ಲಿ. ಪೀಠದ ಹತ್ತಿರ ಸೇವೆ ಮಾಡುತ್ತಿದ್ದ ಹುಡುಗರು ಉತ್ತರಗಳನ್ನು ಬಾಯಿಪಾಠ ಮಾಡಬೇಕಿತ್ತು. ಅರವತ್ತು ವರ್ಷದ ಮೇಲೆ ಆ ಶಬ್ದಗಳು ಅವರಿಗೆ ಮತ್ತೆ ಕೆಲಸಕ್ಕೆ ಬಂದವು. ಒಂದು ಪ್ಯಾರಾ ಬಿಡಿಸಿದರೆ ಸಾಕು, ಉಳಿದದ್ದೆಲ್ಲ ಅದೇ ಅಚ್ಚು. ಇಂಥ ವರ್ಷ, ಇಂಥ ದಿನ, ನಾನು ಜ್ಞಾನಸ್ನಾನ ಕೊಟ್ಟೆ, ಇಂಥವರ ಸಕ್ರಮ ಮಗ, ಕೊನೆಗೆ ‘ಪಾತ್ರಿನಿ ಫುವೆರುಂತ್’. ಅಂದರೆ ದೇವಮಾತಾಪಿತರು, ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ಪಕ್ಕ ನಿಲ್ಲುವವರು, ಇವರಾಗಿದ್ದರು. ಹೆಸರುಗಳು ಮಾತ್ರ ವೇಷ ಹಾಕಿಕೊಂಡಿರುತ್ತವೆ. ಮನೆಯಲ್ಲಿ ಪೆದ್ರು ಎಂದಿದ್ದವನು ಅಲ್ಲಿ ಪೆತ್ರುಸ್. ಜುವಾಂವ್ ಎಂದಿದ್ದವನು ಯೋಹಾನ್ನೆಸ್. ‘ಪೆತ್ರಿ’ ಎಂದು ಕಂಡರೆ ಅದು ಬೇರೆ ಮನುಷ್ಯನಲ್ಲ, ‘ಪೆದ್ರುವಿನ’ ಎಂದರ್ಥ. ಇದು ಗೊತ್ತಾಗುವ ಮೊದಲು ನಾನು ಒಬ್ಬನನ್ನೇ ಇಬ್ಬರು ಮಾಡಿ ಒಂದು ಗಂಟೆ ಕಳೆದೆ.

ದೇವಮಾತಾಪಿತರ ಸಾಲನ್ನು ಯಾರೂ ಬಿಡಬಾರದು. ನಮ್ಮ ಮನೆಗಳಲ್ಲಿ ಮೊದಲ ಮಗುವಿಗೆ ಅಪ್ಪನ ಕಡೆಯವರು, ಎರಡನೆಯದಕ್ಕೆ ಅಮ್ಮನ ಕಡೆಯವರು ನಿಲ್ಲುವುದು ವಾಡಿಕೆ. ಹೆಸರನ್ನೂ ಅವರದ್ದೇ ಇಡುತ್ತಿದ್ದರು. ಹಾಗಾಗಿ ಎರಡನೆಯ ಮಗುವಿನ ಪ್ಯಾರಾ ನೋಡಿದರೆ ತಾಯಿಯ ತವರಿನ ಬಾಗಿಲು ಸ್ವಲ್ಪ ತೆರೆದ ಹಾಗೆ.

ಅಜ್ಜನ ಅಪ್ಪನ ಜ್ಞಾನಸ್ನಾನ 1884. ಬಾಪ್ಪು ಬೆರಳಿಟ್ಟು ಓದಿದರು. ತಂದೆಯ ಹೆಸರು ಸರಿ, ನಮ್ಮ ಅಡ್ಡಹೆಸರು ಡಿಸೋಜ ಸರಿ. ಮುಂದೆ ‘ಎತ್’ ಎಂದು ಒಂದು ಸಣ್ಣ ಶಬ್ದ, ಅಂದರೆ ‘ಮತ್ತು’. ಅದರ ನಂತರ: ನತಾಲಿಯಾ ಲೋಬೊ.

ಇಬ್ಬರೂ ಮಾತಾಡಲಿಲ್ಲ. ಬಾಪ್ಪು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. ನತಾಲಿಯಾ. ನಮ್ಮಲ್ಲಿ ಕ್ರಿಸ್ಮಸ್ಸಿಗೆ ನತಾಲಾಂ ಎನ್ನುತ್ತೇವೆ. ‘ಡಿಸೆಂಬರ್‌ನಲ್ಲಿ ಹುಟ್ಟಿದವಳು ಇರಬೇಕು’ ಎಂದರು ಬಾಪ್ಪು. ಅಷ್ಟು ಹೊತ್ತಿಗೆ ಊಟದ ಗಂಟೆ ಆಗಿತ್ತು. ಇಬ್ಬರಿಗೂ ಏಳಲು ಮನಸ್ಸಿಲ್ಲ.

ಮಧ್ಯಾಹ್ನ ಮದುವೆಯ ಪುಸ್ತಕ. ನಮ್ಮ ಇಗರ್ಜಿಯಲ್ಲಿ 1880ರಿಂದ ಹಿಂದಕ್ಕೆ ಹೋದರೆ ಭಾಷೆ ಬದಲಾಗಿ ಪೋರ್ಚುಗೀಸ್ ಆಗುತ್ತದೆ. ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದದ್ದು 1878ರ ಡಿಸೆಂಬರ್ 31ಕ್ಕೆ. ಅದಕ್ಕಿಂತ ಮೊದಲು ಕರಾವಳಿಯ ಹಲವು ಇಗರ್ಜಿಗಳಲ್ಲಿ ಗೋವಾದ ಪಾದ್ರಿಗಳಿದ್ದರು, ಅವರು ಬರೆದದ್ದು ಅವರ ಭಾಷೆಯಲ್ಲಿ. ಮದುವೆಯ ಪುಸ್ತಕದಲ್ಲಿ ಒಂದು ಅನುಕೂಲ ಇದೆ. ಕರೆಜ್ಮ್, ಅಂದರೆ ಉಪವಾಸದ ಕಾಲದಲ್ಲಿ ಮದುವೆ ಇಲ್ಲ, ಕ್ರಿಸ್ಮಸ್ಸಿನ ಹಿಂದಿನ ನಾಲ್ಕು ವಾರವೂ ಇಲ್ಲ. ಹಾಗಾಗಿ ಜನವರಿ ಫೆಬ್ರವರಿಯ ಪುಟಗಳು, ಈಸ್ಟರಿನ ನಂತರದ ಪುಟಗಳು ತುಂಬಿರುತ್ತವೆ. ಅಲ್ಲೇ ನೋಡಿದೆವು. 1876ರ ಫೆಬ್ರವರಿಯಲ್ಲಿ ಸಿಕ್ಕಳು. ವಯಸ್ಸು 19. ಅಪ್ಪನ ಹೆಸರು ಇದೆ. ಇಗರ್ಜಿ ಬೇರೆ, ಮೂಡುಬಿದಿರೆಯ ಕಡೆಯದು.

ಏಳುವ ಮೊದಲು ಬಾಪ್ಪು ಮರಣದ ಪುಸ್ತಕ ಕೇಳಿದರು. ಅದರಲ್ಲಿ ಒಂದು ಮಳೆಗಾಲದ ಪುಟಗಳನ್ನು ನೋಡಿ ಕೈ ತಣ್ಣಗಾಯಿತು. ಒಂದೇ ಶಾಯಿ, ಒಂದೇ ಅವಸರದ ಕೈಬರಹ, ಒಂದರ ಕೆಳಗೆ ಒಂದು. ವಾಂತಿಭೇದಿ. ಅಪ್ಪ, ಮೂರು ದಿನ ಬಿಟ್ಟು ಮಗಳು, ಮರುದಿನ ಇನ್ನೊಂದು ಮಗು. ಜ್ಞಾನಸ್ನಾನದ ಪುಸ್ತಕದಲ್ಲೂ ಇಂಥ ಸಾಲುಗಳಿವೆ: ಮಗು ಉಳಿಯುವುದಿಲ್ಲ ಎಂದು ಹೆರಿಗೆ ಮಾಡಿಸಿದವಳೇ ಮನೆಯಲ್ಲಿ ನೀರು ಸುರಿದು ಜ್ಞಾನಸ್ನಾನ ಕೊಟ್ಟಳು ಎಂದು. ಆ ಸೂಲಗಿತ್ತಿಯ ಹೆಸರೂ ಪುಸ್ತಕದಲ್ಲಿದೆ. ಒಬ್ಬಳದ್ದೇ ಹೆಸರು ಮೂವತ್ತು ವರ್ಷಗಳ ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ.

ಮೂರನೆಯ ದಿನ, ನವೆಂಬರ್ 4: ಮೂಡುಬಿದಿರೆ ಕಡೆ

ಬೆಳಗ್ಗೆ ಸಾನ್ನಾಂ ತಿಂದು ಹೊರಟೆವು. ಮೊದಲು ಹೋದ ಕಡೆ ಪುಸ್ತಕ ತೋರಿಸಲಿಲ್ಲ. ಇನ್ನೊಂದು ಕಡೆ ಒಳ್ಳೆಯ ಮನಸ್ಸಿನಿಂದ ತೆಗೆದುಕೊಟ್ಟರು, ಅದೇ ನತಾಲಿಯಾಳ ಇಗರ್ಜಿ. ಪುಸ್ತಕದ ಸ್ಥಿತಿ ನೋಡಿ ಸಂಕಟವಾಯಿತು. ಹಳೆಯ ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ. ನೂರಾರು ವರ್ಷ ನಮ್ಮ ಕರಾವಳಿಯ ತೇವದಲ್ಲಿ ಇದ್ದರೆ ಅದು ಕಾಗದವನ್ನೇ ತಿನ್ನುತ್ತದೆ. ಅಕ್ಷರ ಇದ್ದ ಜಾಗದಲ್ಲಿ ಅಕ್ಷರದ ಆಕಾರದ ತೂತು. ಕೆಳಗಿನ ಪುಟ ಮೇಲಿನ ಪುಟದ ತೂತಿನಿಂದ ಇಣುಕುತ್ತದೆ. ನಾವು ಪುಟದ ಕೆಳಗೆ ಒಂದು ಬಿಳಿ ಹಾಳೆ ತೂರಿಸಿ, ತೂತನ್ನೇ ಅಕ್ಷರ ಎಂದು ಓದಿದೆವು. ಇದನ್ನು ಯಾರಾದರೂ ಬೇಗ ಸ್ಕ್ಯಾನ್ ಮಾಡಿ ಇಡಬೇಕು. ಇನ್ನು ಇಪ್ಪತ್ತು ಮಳೆಗಾಲ ಈ ಪುಟಗಳು ತಡೆಯುತ್ತವೆ ಎಂದು ನನಗೆ ಅನ್ನಿಸುವುದಿಲ್ಲ.

1856ರ ಡಿಸೆಂಬರ್ 27. ಬಾಪ್ಪು ಹೇಳಿದ್ದು ಸರಿಯಾಗಿತ್ತು. ನತಾಲಿಯಾ, ಹುಟ್ಟಿ ಎರಡು ದಿನ. ಅಂದರೆ ಕ್ರಿಸ್ಮಸ್ಸಿನ ದಿನವೇ ಹುಟ್ಟಿದವಳು. ಅಪ್ಪನ ಹೆಸರು ಪೂರ್ತಿ ಇದೆ. ಅಮ್ಮನದ್ದು ‘ಮಾರಿಯಾ’ ಎಂದು ಇದೆ, ಅದರ ಮುಂದಿನ ಅಡ್ಡಹೆಸರಿನ ಜಾಗದಲ್ಲಿ ಹುಳ ತಿಂದ ದಾರಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು, ಮೊಬೈಲಿನ ಬೆಳಕು ಪಕ್ಕದಿಂದ ಬಿಟ್ಟು ನೋಡಿದೆವು. ಒಂದು ಉದ್ದದ ಗೀಟು ಮಾತ್ರ ಉಳಿದಿದೆ. ಪಿಂಟೊ ಇರಬಹುದು, ಪಾಯ್ಸ್ ಇರಬಹುದು. ಬಾಪ್ಪು ನೋಟ್‌ಬುಕ್ಕಿನಲ್ಲಿ ಊಹೆ ಬರೆಯಲು ಬಿಡಲಿಲ್ಲ. ಜಾಗ ಖಾಲಿ ಬಿಡು ಎಂದರು.

ಅವಳ ಅಜ್ಜ, ಅಂದರೆ ಲೋಬೊ ಮನೆಯ ಹಿರಿಯ, ಮರಣದ ಪುಸ್ತಕದಲ್ಲಿ ಸಿಕ್ಕಿದ. 1861. ವಯಸ್ಸು 72, ಅದರ ಪಕ್ಕ ‘ಪೌಕೊ ಮಾಯಿಸ್ ಓ ಮೇನೊಸ್’. ಹೆಚ್ಚು ಕಡಿಮೆ ಎಂದರ್ಥ. ಮರಣದ ಪುಸ್ತಕದ ವಯಸ್ಸನ್ನು ಪೂರ್ತಿ ನಂಬಬಾರದು, ಮನೆಯವರು ಅಂದಾಜಿನಲ್ಲಿ ಹೇಳಿದ್ದನ್ನೇ ಪಾದ್ರಿ ಬರೆದಿರುತ್ತಾರೆ. ಆದರೂ ನಾನು ಕಳೆದು ನೋಡಿದೆ. 1789ರ ಆಸುಪಾಸು.

‘ಅವನ ಜ್ಞಾನಸ್ನಾನ ಹುಡುಕಬೇಡ’ ಎಂದರು ಬಾಪ್ಪು. ‘ಆಗ ಇಲ್ಲಿ ಇಗರ್ಜಿಯೇ ಇರಲಿಲ್ಲ.’

1784ರ ಫೆಬ್ರವರಿಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ, ಅಂದರೆ ನಮ್ಮ ಈ ಕರಾವಳಿಯ, ಕ್ಯಾಥೊಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆದೊಯ್ದರು. 30,000 ಜನ ಎಂದವರಿದ್ದಾರೆ, 60,000 ಎಂದವರೂ ಇದ್ದಾರೆ. 27 ಇಗರ್ಜಿಗಳನ್ನು ಕೆಡವಿದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ವಾಪಸ್ ಬಂದರು. ಆ ಹದಿನೈದು ವರ್ಷ ಇಲ್ಲಿ ಯಾರೂ ಯಾರ ಹೆಸರನ್ನೂ ಬರೆದಿಟ್ಟಿಲ್ಲ. ಅದಕ್ಕಿಂತ ಹಿಂದಿನ ಪುಸ್ತಕಗಳು ಇಗರ್ಜಿಗಳ ಜೊತೆಗೇ ಹೋದವು. ಮಂಗಳೂರಿನ ಕ್ಯಾಥೊಲಿಕರು ಯಾರೇ ಹುಡುಕಲು ಹೊರಟರೂ ಸಾಮಾನ್ಯವಾಗಿ ಈ ಗೋಡೆಗೆ ಬಂದು ನಿಲ್ಲುತ್ತಾರೆ. ಈ ಅಜ್ಜ ಶ್ರೀರಂಗಪಟ್ಟಣದಲ್ಲಿ ಹುಟ್ಟಿದನೋ, ದಾರಿಯ ಯಾವುದೋ ಹಳ್ಳಿಯಲ್ಲೋ, ತಪ್ಪಿಸಿಕೊಂಡು ಅಡಗಿದ್ದ ಕಾಡಿನಲ್ಲೋ. ಹತ್ತು ವರ್ಷದ ಹುಡುಗನಾಗಿ ಅವನು ಯಾರ ಕೈ ಹಿಡಿದು ಈ ಊರಿಗೆ ನಡೆದು ಬಂದ ಎಂಬುದನ್ನು ಹೇಳುವ ಪುಸ್ತಕ ಇಲ್ಲ.

ವಾಪಸ್ ಬರುವಾಗ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿಗೆ ಹೋದೆವು. ಮೂಡುಬಿದಿರೆಯ ಚೌಟ ಅರಸರು ಅಡ್ಡ ನಿಂತದ್ದರಿಂದ ಆಗ ಕೆಡವದೆ ಉಳಿದ ಇಗರ್ಜಿ ಇದು. ಜೈನ ಅರಸರು ಕಾಪಾಡಿದ ಇಗರ್ಜಿ. ಬಾಪ್ಪು ತುಂಬ ಹೊತ್ತು ಒಳಗೆ ಕೂತಿದ್ದರು.

ನಾಲ್ಕನೆಯ ದಿನ, ನವೆಂಬರ್ 5: ರೈಲು

ಮುಂದೇನು ಎಂದು ರಾತ್ರಿ ಮಾತಾಡಿದ್ದೆವು. ಗೋಡೆಯ ಆಚೆಗೆ ಹೋಗಲು ಒಂದೇ ದಾರಿ, ನಮ್ಮ ಹಿರಿಯರು ಬಿಟ್ಟು ಬಂದ ಗೋವಾ. ನಮ್ಮ ಮನೆಯಲ್ಲಿ ತಲೆಯಿಂದ ತಲೆಗೆ ಒಂದು ಊರಿನ ಹೆಸರು ಬಂದಿದೆ: ಗೋವಾದ ಬಾರ್ದೇಸ್ ತಾಲೂಕಿನ ಆಲ್ದೊನಾ. ಮಂಗಳೂರಿನಿಂದ ಮಧ್ಯಾಹ್ನದ ರೈಲು ಹತ್ತಿದೆವು.

ಕಿಟಕಿಯ ಪಕ್ಕ ಕೂತು ಬಾಪ್ಪು ಹೊಳೆಗಳನ್ನು ಎಣಿಸಿದರು. ಸುವರ್ಣಾ, ಸೀತಾ, ಗಂಗೊಳ್ಳಿ. ಹೊನ್ನಾವರದಲ್ಲಿ ಶರಾವತಿ, ಅಲ್ಲಿ ಸೇತುವೆಯೇ ಎರಡು ಕಿಲೋಮೀಟರಿಗೂ ಉದ್ದ. ಆಮೇಲೆ ಅಘನಾಶಿನಿ, ಗಂಗಾವಳಿ. ಕಾರವಾರದಲ್ಲಿ ಕಾಳಿ ದಾಟುವಾಗ ಕತ್ತಲಾಗಿತ್ತು. ನಮ್ಮವರು ಇದೇ ಹೊಳೆಗಳನ್ನು ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ ದಾಟಿ ದಕ್ಷಿಣಕ್ಕೆ ಬಂದವರು. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮದ ನ್ಯಾಯಾಲಯ ಶುರುವಾಯಿತು. ಮನೆಯಲ್ಲಿ ಹಳೆಯ ಪದ್ಧತಿ ಇಟ್ಟುಕೊಂಡವರನ್ನು ವಿಚಾರಣೆಗೆ ಎಳೆಯುತ್ತಿದ್ದರು. ಬರ, ರೋಗ ಬಂತು. 1683ರಲ್ಲಿ ಮರಾಠ ರಾಜ ಸಂಭಾಜಿಯ ಸೇನೆ ಗೋವಾದ ಬಾರ್ದೇಸ್, ಸಾಸಷ್ಟಿ ಸೀಮೆಗಳಿಗೆ ನುಗ್ಗಿತು. 1739ರಲ್ಲಿ ಮತ್ತೆ ಮರಾಠರು ಬಂದರು. ಈ ಕಡೆ ಕೆಳದಿಯ ಅರಸರ ನಾಡಿನಲ್ಲಿ ಗೇಯುವ ಕೈಗಳಿಗೆ ಭೂಮಿ ಇತ್ತು. ಬಿಟ್ಟು ಬರಲು ಕಾರಣ ಒಂದಲ್ಲ, ಅಲ್ವಾ.

ಐದನೆಯ ದಿನ, ನವೆಂಬರ್ 6: ಪಣಜಿಯ ದಾಖಲೆ ಮನೆ

ಗೋವಾ ಸರ್ಕಾರದ ಪತ್ರಾಗಾರ ಬಹಳ ಹಳೆಯದು. 1595ರಲ್ಲಿ ಶುರುವಾದದ್ದು. ಮೊದಲ ಪಾಲಕ ದಿಯೋಗೊ ದೊ ಕೌತೊ ಎಂಬ ಪೋರ್ಚುಗೀಸ್ ಇತಿಹಾಸಕಾರ. ಇಗರ್ಜಿಗಳ ಹಳೆಯ ಪುಸ್ತಕಗಳಲ್ಲಿ ಹಲವು ಈಗ ಇಲ್ಲಿವೆ. ಗೋವಾದಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1914ರಲ್ಲಿ, ಅದಕ್ಕೆ ಹಿಂದೆ ಇಗರ್ಜಿಯ ಪುಸ್ತಕವೇ ದಾಖಲೆ.

ಅರ್ಜಿ ಬರೆದುಕೊಟ್ಟೆವು, ಆಧಾರ್ ತೋರಿಸಿದೆವು, ಪೆನ್ನು ಒಳಗಿಟ್ಟು ಪೆನ್ಸಿಲ್ ಹಿಡಿದೆವು. ಪುಸ್ತಕ ಬರುವವರೆಗೆ ಎದೆ ಹೊಡೆದುಕೊಳ್ಳುತ್ತಿತ್ತು. ಬಂದ ಮೇಲೆ ಒಂದು ಗಂಟೆ ಏನೂ ಅರ್ಥವಾಗಲಿಲ್ಲ. 1700ರ ದಶಕಗಳ ಕೈಬರಹ, ಎಲ್ಲವೂ ಕತ್ತರಿಸಿದ ಶಬ್ದಗಳು. ‘ಎಫ್’ ಅಕ್ಷರದ ಪಕ್ಕ ಮೇಲಕ್ಕೆ ಎರಡು ಪುಟ್ಟ ಅಕ್ಷರ ಇದ್ದರೆ ಅದು ಫ್ರಾನ್ಸಿಸ್ಕೊ. ‘ಎಂ’ ಪಕ್ಕ ಪುಟ್ಟ ‘ಎ’ ಇದ್ದರೆ ಮಾರಿಯಾ. ಎದುರು ಮೇಜಿನಲ್ಲಿ ಓದುತ್ತಿದ್ದ ಒಬ್ಬ ವಯಸ್ಸಾದ ಗೋವಾದವರು ನಮ್ಮ ಪರದಾಟ ನೋಡಿ ತಾವೇ ಬಂದು ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಬಾಪ್ಪುವಿನ ಕೊಂಕಣಿ ಕೇಳಿ ‘ಮಂಗ್ಳುರ್ಗಾರ್?’ ಎಂದರು. ನಾವು ಇಗರ್ಜ್ ಎಂದರೆ ಅವರು ಇಗೊರ್ಜ್ ಎನ್ನುತ್ತಾರೆ. ನಾವು ಕೊಂಕಣಿ ಬರೆಯುವುದು ಕನ್ನಡ ಅಕ್ಷರದಲ್ಲಿ, ಅವರು ಬರೆಯುವುದು ರೋಮನ್ ಅಕ್ಷರದಲ್ಲಿ. ಬಾಪ್ಪು ತಮ್ಮ ನೋಟ್‌ಬುಕ್ ತೋರಿಸಿದಾಗ ಅವರಿಗೆ ಒಂದು ಅಕ್ಷರವೂ ಓದಲಾಗಲಿಲ್ಲ. ಬಾಪ್ಪು ಗಟ್ಟಿಯಾಗಿ ಓದಿದಾಗ ಎಲ್ಲವೂ ಅರ್ಥವಾಯಿತು.

ಅವರೇ ಒಂದು ಎಚ್ಚರಿಕೆ ಹೇಳಿದರು. ಡಿಸೋಜ ಎಂದ ಕೂಡಲೇ ನಿಮ್ಮವರು ಎಂದುಕೊಳ್ಳಬೇಡಿ. ಮತಾಂತರದ ಕಾಲದಲ್ಲಿ ಜ್ಞಾನಸ್ನಾನ ಕೊಟ್ಟ ಪಾದ್ರಿಯ ಅಥವಾ ಪಕ್ಕ ನಿಂತ ಪೋರ್ಚುಗೀಸನ ಅಡ್ಡಹೆಸರು ಸಿಗುತ್ತಿತ್ತು. ಒಂದೇ ದಿನ ಒಂದೇ ಅಡ್ಡಹೆಸರು ಪಡೆದ ಮನೆಗಳಿಗೆ ರಕ್ತಸಂಬಂಧ ಇರಬೇಕೆಂದಿಲ್ಲ. ಅದು ನಿಜ. ಪುಸ್ತಕದಲ್ಲಿ ಕೆಲವು ಹೆಸರುಗಳ ಪಕ್ಕ ಜಾತಿಯನ್ನೂ ಬರೆದಿದ್ದಾರೆ. ನೀರು ಸುರಿದ ಮೇಲೂ ಅದು ಹೋಗಲಿಲ್ಲ, ನಮ್ಮ ಜೊತೆ ಕರಾವಳಿಗೂ ಬಂತು. ಅದನ್ನು ಓದುವಾಗ ನನಗೆ ಬೇಸರವಾಯಿತು, ಬಾಪ್ಪುವಿಗೂ.

ನಮ್ಮ ಏಳನೆಯ ಅಜ್ಜನ ಹೆಸರಿನವರು ಆ ಪುಸ್ತಕಗಳಲ್ಲಿ ಒಬ್ಬರಲ್ಲ, ನಾಲ್ವರು ಇದ್ದರು. ಯಾರು ನಮ್ಮವನು ಎಂದು ಹೇಳುವ ಕೊಂಡಿ ಇಲ್ಲ. ಮಧ್ಯದ ಪುಟಗಳು ಬೆಂಕಿಗೆ ಹೋದ ಮೇಲೆ ಎರಡು ತುದಿಗಳನ್ನು ಬರೀ ಆಸೆಯಿಂದ ಗಂಟು ಹಾಕಬಾರದು. ನಾವು ಹಾಕಲಿಲ್ಲ.

ಆದರೆ ಸಂಜೆ ಮುಚ್ಚುವ ಹೊತ್ತಿಗೆ ಒಂದು ಮದುವೆಯ ಪ್ಯಾರಾ ಕಣ್ಣಿಗೆ ಬಿತ್ತು. ಹುಡುಗಿಯ ಹೆಸರು, ಅವಳ ಅಮ್ಮನ ಹೆಸರು ಇದೆ. ಅಪ್ಪನ ಹೆಸರಿನ ಮುಂದೆ ಎರಡು ಮೂರು ಶಬ್ದ. ಬಾಪ್ಪು ಅಕ್ಷರ ಅಕ್ಷರವಾಗಿ ಓದಿದರು: ‘ಔಸೆಂತೆ ನೊ ಕಾನಾರಾ’. ಎದುರಿನವರು ಅರ್ಥ ಹೇಳಿದರು. ‘ಇಲ್ಲಿ ಇಲ್ಲ, ಕೆನರಾದಲ್ಲಿದ್ದಾನೆ.’

ಮಗಳ ಮದುವೆಯ ದಿನ ಅಪ್ಪ ಊರಿನಲ್ಲಿ ಇರಲಿಲ್ಲ. ಹೊಳೆಗಳನ್ನು ದಾಟಿ ನಮ್ಮ ಕಡೆ ಬಂದಿದ್ದ. ವಾಪಸ್ ಹೋದನೋ ಇಲ್ಲವೋ ಆ ಪುಟ ಹೇಳುವುದಿಲ್ಲ. ಅವನು ನಮ್ಮವನು ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮವರ ಹೆಸರಿನ ಮುಂದೆಯೂ ಯಾವುದೋ ಪುಟದಲ್ಲಿ ಈ ಶಬ್ದ ಬಂದಿರಲೇಬೇಕು. ಲಾಡ್ಜಿಗೆ ನಡೆದು ಬರುವಾಗ ಬಾಪ್ಪು ಎರಡು ಸಲ ಅದನ್ನೇ ಹೇಳಿಕೊಂಡರು. ಔಸೆಂತೆ.

ಆರನೆಯ ದಿನ, ನವೆಂಬರ್ 7: ಆಲ್ದೊನಾ

ಮಾಪ್ಸಾಕ್ಕೆ ಬಸ್ಸು, ಅಲ್ಲಿಂದ ಇನ್ನೊಂದು. ಕೈಯಲ್ಲಿ ಬಿಸಿ ಪೊಯಿ ರೊಟ್ಟಿಯ ಪೊಟ್ಟಣ. ಆಲ್ದೊನಾದ ಸಂತ ತೋಮಸರ ಇಗರ್ಜಿ 1596ರದ್ದು. ಹೊಳೆಯ ಪಕ್ಕ, ಬಿಳಿಯ ಬಣ್ಣ. ಸುತ್ತ ಗದ್ದೆ, ತೆಂಗು, ಹೆಂಚಿನ ಮನೆಗಳು. ‘ಇದು ನಮ್ಮ ಕಡೆಯ ಹಾಗೇ ಉಂಟಲ್ಲ’ ಎಂದರು ಬಾಪ್ಪು. ಆಮೇಲೆ ಅವರೇ ತಿದ್ದಿಕೊಂಡರು. ‘ಅಲ್ಲ. ನಮ್ಮ ಕಡೆಯದು ಇದರ ಹಾಗೆ ಉಂಟು.’

ಗೋವಾದ ಹಳ್ಳಿಗಳಲ್ಲಿ ಗಾಂವ್ಕಾರಿ ಎಂಬ ಹಳೆಯ ಏರ್ಪಾಡು ಇದೆ. ಊರಿನ ಮೂಲ ಮನೆತನಗಳು ಸೇರಿ ಭೂಮಿಯನ್ನು ಒಟ್ಟಾಗಿ ನೋಡಿಕೊಳ್ಳುತ್ತಿದ್ದವು. ಪೋರ್ಚುಗೀಸರು ಬರುವ ಮೊದಲೇ ಇದ್ದದ್ದು. ಅದರ ಪದ್ಧತಿಗಳನ್ನು 1526ರಲ್ಲಿ ಅವರು ಬರೆದಿಟ್ಟರು. ಕೊಮುನಿದಾದ್ ಎಂದು ಹೆಸರು ಬದಲಾಯಿತು, ಈಗಲೂ ನಡೆಯುತ್ತಿದೆ. ಮನೆತನದ ಗುಂಪಿಗೆ ವಾಂಗಡ್ ಎನ್ನುತ್ತಾರೆ. ವರ್ಷದ ಲಾಭದಲ್ಲಿ ಪ್ರತಿ ಗಾಂವ್ಕಾರನಿಗೂ ಒಂದು ಪಾಲು, ಅದಕ್ಕೆ ಝೋಣ್ ಎಂದು ಹೆಸರು. ಅಪ್ಪನಿಂದ ಮಗನಿಗೆ ಸಾಗುವ ಹಕ್ಕು. ವಾಂಗಡ್ ಗೊತ್ತಿದ್ದರೆ ವಂಶ ಹಿಡಿಯುವುದು ಸುಲಭ ಎಂದು ಹಲವರು ಹೇಳಿದ್ದರು.

ಇಗರ್ಜಿಯ ಹೊರಗೆ ಒಂದು ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರ ಹತ್ತಿರ ಬಾಪ್ಪು ಈ ವಾಂಗಡಿನ ವಿಷಯ ಕೇಳಿದರು. ಅವರು ನೀರು ಕೊಟ್ಟರು, ಕೂರಿಸಿದರು, ಗಂಡನ ವಾಂಗಡ್ ಯಾವುದು ಎಂದು ಹೇಳಿದರು. ನಿಮ್ಮ ಅಮ್ಮನ ಹೆಸರು ಅದರಲ್ಲಿ ಇದೆಯಾ ಎಂದು ನಾನು ಕೇಳಿದೆ. ‘ಅದು ಗಂಡಸರ ಪಟ್ಟಿ ಮಗಳೇ’ ಎಂದರು. ‘ನಾವು ಇರುವುದು ಇಗೊರ್ಜೆಯ ಪುಸ್ತಕದಲ್ಲಿ.’

ಮನೆಯ ಬಾಯಿಪಾಠದಲ್ಲಿ ಗಂಡಸರು, ಭೂಮಿಯ ಪಟ್ಟಿಯಲ್ಲಿ ಗಂಡಸರು. ನತಾಲಿಯಾಳನ್ನು ಉಳಿಸಿದ್ದು ಮಾತ್ರ ಅವಳಿಗೆ ಹೆಸರಿಟ್ಟ ದಿನ ಯಾರೋ ಪಾದ್ರಿ ಬರೆದ ನಾಲ್ಕು ಸಾಲು. ಮದುವೆಯಾದ ಮೇಲೂ ಅದು ಅವಳನ್ನು ಲೋಬೊ ಎಂದೇ ಕರೆಯುತ್ತದೆ, ಅವಳ ಅಪ್ಪನ ಮಗಳಾಗಿ. ನಾನು ಗೋವಾಕ್ಕೆ ಬಂದದ್ದು ಡಿಸೋಜ ಮನೆಯ ಮೂಲ ನೋಡಲು. ಹೊಳೆಯ ದಂಡೆಯಲ್ಲಿ ನಿಂತಾಗ ಮನಸ್ಸಿನಲ್ಲಿ ಇದ್ದದ್ದು ಹುಳ ತಿಂದ ಆ ಒಂದು ಅಡ್ಡಹೆಸರು.

ಮಧ್ಯಾಹ್ನ ಮೀನಿನ ಊಟ. ರಾತ್ರಿಯ ರೈಲಿಗೆ ವಾಪಸ್.

ಎಂಟನೆಯ ದಿನ, ನವೆಂಬರ್ 9: ಮತ್ತೆ ಮನೆ

ಮರುದಿನವೆಲ್ಲ ಇಬ್ಬರೂ ಮಲಗಿದ್ದೆವು. ಒಂಬತ್ತನೆಯ ತಾರೀಕು ಬೆಳಗ್ಗೆ ಬಾಪ್ಪು ಬೇಗ ಎದ್ದು ಚೀಟಿ ಬರೆದರು. ನವೆಂಬರ್ ತಿಂಗಳಿಡೀ ನಮ್ಮಲ್ಲಿ ಸತ್ತವರಿಗಾಗಿ ಪೂಜೆ ಇರುತ್ತದೆ, ಹೆಸರು ಎಂದು ಬೇಕಾದರೂ ಕೊಡಬಹುದು. ಈ ಸಲ ಒಂದೇ ಹೆಸರು ಬರೆದರು. ಬರೆದದ್ದನ್ನು ನನಗೆ ತೋರಿಸಿ, ಅಕ್ಷರ ಸರಿ ಇದೆಯಾ ಎಂದು ಕೇಳಿದರು.

ಸಣ್ಣ ಪೂಜೆ, ಇಪ್ಪತ್ತು ಮೂವತ್ತು ಜನ. ಪಾದ್ರಿ ಚೀಟಿಗಳನ್ನು ಒಂದೊಂದೇ ಓದುತ್ತ ಬಂದರು. ನಮ್ಮದು ಬಂದಾಗ ಒಂದು ಕ್ಷಣ ನಿಂತು, ಕೈಬರಹ ಹತ್ತಿರ ಹಿಡಿದು ಓದಿದರು: ‘ನತಾಲಿಯಾ ಲೋಬೊ.’ ಬಾಪ್ಪು ನನ್ನ ಕೈ ಹಿಡಿದುಕೊಂಡರು.

ಮನೆಗೆ ಬಂದು ಅವರು ನೋಟ್‌ಬುಕ್ ತೆರೆದು ಮೂಡುಬಿದಿರೆಯ ಪುಟಕ್ಕೆ ಹೋದರು. ಮಾರಿಯಾ ಎಂಬ ಹೆಸರು, ಮುಂದೆ ಖಾಲಿ ಜಾಗ. ‘ಇವಳ ಮದುವೆ 1856ಕ್ಕಿಂತ ಮೊದಲು ಆಗಿರಬೇಕು’ ಎಂದರು. ‘ಆ ಪುಸ್ತಕ ನಾವು ಪೂರ್ತಿ ನೋಡಲಿಲ್ಲ. ಈಸ್ಟರ್ ರಜೆಗೆ ಬರ್ತೀಯಲ್ಲ?’

ಬರ್ತೇನೆ ಎಂದೆ.